‘ಸ್ಕ್ಯಾಂಡಲ್’ ಸಿನಿಮಾದಲ್ಲಿ ನಿಜವಾದ ಹಗರಣ ಕಾಣಿಸಿತಾ?

ಸರಸ್ವತಿಪುರಂ ಓದುಗ:
ಭಾನುವಾರ ಗೆಳೆಯರೆಲ್ಲ ಸೇರಿ 1989ರ ಬ್ರಿಟಿಷ್ ಸಿನಿಮಾ ‘ಸ್ಕ್ಯಾಂಡಲ್’ ನೋಡಿದೆವು. ಕಥೆ ನಡೆದದ್ದೇ. ಯುದ್ಧಖಾತೆ ಮಂತ್ರಿ ಜಾನ್ ಪ್ರೊಫ್ಯೂಮೋಗೆ 1961ರಲ್ಲಿ 19 ವರ್ಷದ ಕ್ರಿಸ್ಟೀನ್ ಕೀಲರ್ ಜತೆ ಸಂಬಂಧ. ಅವಳಿಗೆ ಸೋವಿಯತ್ ನೌಕಾಪಡೆಯ ಅಧಿಕಾರಿಯೊಬ್ಬನ ಪರಿಚಯವೂ ಇತ್ತು. 1963ರ ಮಾರ್ಚ್ 22ರಂದು ಮಂತ್ರಿ ಸಂಸತ್ತಿನಲ್ಲೇ ಸುಳ್ಳು ಹೇಳಿದ, ಜೂನ್ 5ಕ್ಕೆ ಒಪ್ಪಿಕೊಂಡು ರಾಜೀನಾಮೆ ಕೊಟ್ಟ. ಅವರಿಬ್ಬರ ಭೇಟಿಗೆ ಕಾರಣನಾದ ಸ್ಟೀಫನ್ ವಾರ್ಡ್ ಮೇಲೆ ಹೆಣ್ಣುಮಕ್ಕಳ ವೇಶ್ಯಾವೃತ್ತಿಯ ದುಡ್ಡಿನಲ್ಲಿ ಬದುಕಿದ ಅಂತ ಕೇಸು ಬಿತ್ತು. ಪಾರ್ಟಿ, ಈಜುಕೊಳ, ಮಲಗುವ ಕೋಣೆಗೆ ಕೊಟ್ಟಷ್ಟು ಹೊತ್ತನ್ನು ಸಿನಿಮಾ ಸರ್ಕಾರಿ ಕಚೇರಿಗಳಿಗೆ ಕೊಡಲಿಲ್ಲ ಅನ್ನೋದೇ ನನ್ನ ತಕರಾರು. ಹಗರಣವನ್ನು ಮುಚ್ಚಿಹಾಕಲು ನೋಡಿದ್ದು ಅಲ್ಲೇ ಅಲ್ವಾ?

ಮದ್ದೂರು ಗೌಡ್ರು:
ಅಣ್ಣ, ಮಂತ್ರಿ ಕುರ್ಚಿ ಹೋಯ್ತಲ್ವಾ? ಮುಚ್ಚಾಕಿದ್ರು ಅಂತ ಹೆಂಗಂತೀರಿ? ನಮ್ ಕಡೆ ಆಗಿದ್ರೆ ರಾಜೀನಾಮೆ ಬರೋಷ್ಟೊತ್ತಿಗೆ ಇನ್ನೊಂದು ಎಲೆಕ್ಷನ್ ಬಂದಿರೋದು.

ಮಂಡ್ಯದ ವಕೀಲೆ:
ಗೌಡ್ರೇ, ತಾರೀಖುಗಳನ್ನ ಜೋಡಿಸಿ ನೋಡಿ. ಮಂತ್ರಿ ಸುಳ್ಳು ಹೇಳಿದ ಐದೇ ದಿನಕ್ಕೆ, ಮಾರ್ಚ್ 27ಕ್ಕೆ, ಗೃಹಮಂತ್ರಿ ಹೆನ್ರಿ ಬ್ರೂಕ್ ಪೊಲೀಸ್ ಕಮಿಷನರನ್ನೂ ಗುಪ್ತಚರ ಮುಖ್ಯಸ್ಥನನ್ನೂ ಕರೆಸಿದರು. ಆಮೇಲೆ ಪೊಲೀಸರು ಬೆನ್ನು ಬಿದ್ದದ್ದು ವಾರ್ಡ್‌ಗೆ. ಯಾರೂ ದೂರು ಕೊಟ್ಟಿರಲಿಲ್ಲ. ಮೊದಲು ಆಸಾಮಿ, ಆಮೇಲೆ ಅಪರಾಧ! ಮೇ ತಿಂಗಳಲ್ಲಿ ಅವನು ಮಂತ್ರಿ ಹೇಳಿದ್ದು ಸುಳ್ಳು ಅಂತ ಗೃಹಮಂತ್ರಿಗೇ ಪತ್ರ ಬರೆದ. ರಾಜೀನಾಮೆಯಾದ ಮೂರನೇ ದಿನ ಅರೆಸ್ಟ್ ಆದ. ತೀರ್ಪು ಬರುವ ಮುಂಚೆ ನಿದ್ದೆ ಮಾತ್ರೆ ನುಂಗಿದ, ಆಗಸ್ಟ್ 3ಕ್ಕೆ ತೀರಿಕೊಂಡ. ಕೋತಿ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯ್ತು.

ಸಿನಿಮಾ ಪ್ರೇಮಿ, ಚಾಮುಂಡಿಪುರಂ:
ಮೇಡಂ ಹೇಳಿದ್ದು ಸರಿ, ಆದರೆ ಸಿನಿಮಾವನ್ನ ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಪಾರ್ಟಿಗಳನ್ನ ತೋರಿಸಲೇಬೇಕಿತ್ತು. ಅಲ್ಲಿ ವಾರ್ಡ್ ಹೆಗಲ ಮೇಲೆ ಕೈ ಹಾಕಿದ ದೊಡ್ಡ ಮನುಷ್ಯರು ಕೋರ್ಟಿನಲ್ಲಿ ಅವನ ಪರ ಬಾಯಿ ಬಿಡಲಿಲ್ಲ. ಮೊದಲಿನ ಸಲಿಗೆ ಕಾಣದಿದ್ದರೆ ಕೊನೆಯ ದ್ರೋಹ ತಟ್ಟುತ್ತಿತ್ತಾ? ಜಾನ್ ಹರ್ಟ್ ವಾರ್ಡ್‌ನನ್ನು ದೇವರೂ ಮಾಡಿಲ್ಲ, ದಲ್ಲಾಳಿಯೂ ಮಾಡಿಲ್ಲ. ಆ ನಟನೆಗಾದರೂ ಇನ್ನೊಂದು ಸಲ ನೋಡಿ.

ಸರಸ್ವತಿಪುರಂ ಓದುಗ:
ನಟನೆ ಬಗ್ಗೆ ನನ್ನದೂ ಎರಡು ಮಾತಿಲ್ಲ. ಕೀಲರ್ ಗತಿ ಏನು? ಬೇರೊಂದು ಕೇಸಿನಲ್ಲಿ ಸುಳ್ಳು ಸಾಕ್ಷಿ ಹೇಳಿದಳು ಅಂತ ಅವಳಿಗೆ ಒಂಬತ್ತು ತಿಂಗಳು ಜೈಲು. ಸಂಸತ್ತಿನಲ್ಲಿ ಸುಳ್ಳು ಹೇಳಿದವನಿಗೆ 1975ರಲ್ಲಿ ಸಿಬಿಇ ಅನ್ನೋ ಬ್ರಿಟಿಷ್ ಸರ್ಕಾರಿ ಗೌರವ.

ಮದ್ದೂರು ಗೌಡ್ರು:
ಅದು ಪುಕ್ಕಟೆ ಸಿಕ್ಕಿದ್ದಲ್ಲ ಕಣಣ್ಣ. ಲಂಡನ್ನಿನ ಬಡವರ ಕೇರೀಲಿ ವರ್ಷಾನುಗಟ್ಟಲೆ ಸೇವೆ ಮಾಡವ್ನೆ. ಆದ್ರೂ ಆ ಹೆಣ್ಮಗಳ ಜೈಲಿನ್ ವಿಚಾರ ನಂಗ್ ಗೊತ್ತಿರ್ಲಿಲ್ಲ. ಅನ್ಯಾಯ.

ಮಂಡ್ಯದ ವಕೀಲೆ:
ಸೇವೆ ಮಾಡಿದ್ದು ಒಳ್ಳೆಯದೇ. ಆದರೆ ಹೊಸದಾಗಿ ಬದುಕು ಕಟ್ಟಿಕೊಳ್ಳೋಕೆ ಅವನಿಗೆ ದುಡ್ಡಿತ್ತು, ಮನೆಯವರಿದ್ದರು. ಕೀಲರ್ 2017ರಲ್ಲಿ ಸಾಯೋವರೆಗೂ ಅದೇ ಕೆಟ್ಟ ಹೆಸರು ಹೊತ್ತಳು. ಇನ್ನೊಂದು ಮಾತು, ಇದನ್ನ ಇಂಗ್ಲೆಂಡಿನ ಕಥೆ ಅಂತ ನೋಡಿ ಸುಮ್ಮನಾಗಬೇಡಿ. 2024ರಲ್ಲಿ ಹಾಸನದ ಪೆನ್‌ಡ್ರೈವ್ ವಿಡಿಯೋಗಳನ್ನ ನಮ್ಮೂರಿನ ಎಷ್ಟು ವಾಟ್ಸಾಪ್ ಗುಂಪುಗಳಲ್ಲಿ ದಾಟಿಸಿದರು? ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಂತ ಕಾನೂನೇ ಇದೆ, ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ. ಫಾರ್ವರ್ಡ್ ಮಾಡಿದವರೆಲ್ಲ ನ್ಯಾಯ ಕೇಳ್ತಿದ್ದೀವಿ ಅಂದ್ಕೊಂಡಿದ್ದರು.

ಸಿನಿಮಾ ಪ್ರೇಮಿ, ಚಾಮುಂಡಿಪುರಂ:
ಹಾಗಾದರೆ ಇಂಥ ಸಿನಿಮಾವನ್ನ ಕನ್ನಡದಲ್ಲಿ ಮಾಡುವವರು ಮಾರ್ಚ್ 27ರಂಥ ಸಭೆಯಿಂದಲೇ ಶುರು ಮಾಡಲಿ. ಬಾಗಿಲು ಹಾಕಿದ ಕೋಣೆ, ಮೂವರು ಗಂಡಸರು, ಮೇಜಿನ ಮೇಲೆ ಒಂದು ಫೈಲು. ವಿಡಿಯೋ ಒಂದು ಫ್ರೇಮೂ ಬೇಡ.