ಸಹಾಯ ಬೇಕು: ಎಂಆರ್‌ಪಿಗಿಂತ ಜಾಸ್ತಿ ತಗೊಳ್ಳೋ ಅಂಗಡಿಯವ್ರಿಗೆ ಹೇಗೆ ಹೇಳೋದು?

ಎಲ್ಲರಿಗೂ ನಮಸ್ಕಾರ, ಒಂದು ಸಲಹೆ ಬೇಕಿತ್ತು. ನಮ್ಮ ಬೀದಿ ಕೊನೇಲಿರೋ ದಿನಸಿ ಅಂಗಡೀಲಿ ಹಾಲು ಮೊಸರು ಜ್ಯೂಸು ಏನೇ ತಗೊಂಡ್ರೂ ಪ್ಯಾಕೆಟ್ ಮೇಲಿರೋ ರೇಟಿಗಿಂತ ಒಂದೆರಡು ರೂಪಾಯಿ ಜಾಸ್ತಿ ಹಾಕ್ತಾರೆ, ಕೇಳಿದ್ರೆ "ಫ್ರಿಜ್ಜಲ್ಲಿ ಇಡ್ತೀವಲ್ಲಮ್ಮ, ಕರೆಂಟ್ ಬಿಲ್ ಯಾರು ಕಟ್ತಾರೆ" ಅಂತಾರೆ. ಎಂಆರ್‌ಪಿ ಅಂದ್ರೇನೇ ಟ್ಯಾಕ್ಸ್ ಎಲ್ಲಾ ಸೇರಿದ ಗರಿಷ್ಠ ಬೆಲೆ, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಪ್ರಕಾರ ಅದಕ್ಕಿಂತ ಜಾಸ್ತಿಗೆ ಮಾರೋ ಹಾಗೇ ಇಲ್ಲ.

ಚಿಲ್ಲರೆ ವಿಷಯ ಇನ್ನೂ ಬೇಜಾರು. ನಮ್ಮತ್ತೆ ಫೋನಲ್ಲಿ ದುಡ್ಡು ಕಳಿಸಲ್ಲ, ನೋಟೇ ಕೊಡೋದು, ಅವರಿಗೆ ಪ್ರತಿಸಲ ಚಿಲ್ಲರೆ ಬದಲು ಚಾಕ್ಲೇಟ್ ಕೈಗಿಡ್ತಾರೆ. ಅತ್ತೆಗೆ ಶುಗರ್ ಇದೆ ಅಂತ ಅವರಿಗೂ ಗೊತ್ತು. ಅದೇ ಚಾಕ್ಲೇಟ್ ವಾಪಸ್ ಕೊಟ್ಟು ಬೆಂಕಿಪೊಟ್ಣ ಕೊಡಿ ಅಂದ್ರೆ ಮಾತ್ರ ತಗೊಳ್ಳಲ್ಲ, ಇದ್ಯಾವ ನ್ಯಾಯ ಹೇಳಿ.

ಕಷ್ಟ ಏನಂದ್ರೆ ಅತ್ತೆ ನಡ್ಕೊಂಡು ಹೋಗೋಕಾಗೋದು ಅದೊಂದೇ ಅಂಗಡಿ, ಲಾಕ್‌ಡೌನ್ ಟೈಮಲ್ಲಿ ಅಕ್ಕಿ ಬೇಳೆ ಮನೆಗೇ ತಂದುಕೊಟ್ಟು ದುಡ್ಡು ಆಮೇಲೆ ಕೊಡಿ ಅಂದವರು ಅವರು, ಅದನ್ನ ಮರೆಯೋಕಾಗಲ್ಲ. ಜಗಳ ಬೇಡ, ಆದ್ರೆ ಸುಮ್ನೆ ಇರೋಕೂ ಆಗ್ತಿಲ್ಲ. ಯಾರಾದ್ರೂ ಇಂಥವರ ಹತ್ರ ಸಮಾಧಾನವಾಗಿ ಮಾತಾಡಿ ಸರಿಮಾಡ್ಕೊಂಡಿದ್ರೆ ಏನು ಹೇಳಿದ್ರಿ ಅಂತ ತಿಳಿಸಿ. 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿರೋರು ಇದ್ರೆ, ಅಂಗಡಿಯವ್ರಿಗೆ ನಮ್ಮ ಹೆಸರು ಗೊತ್ತಾಗತ್ತಾ ಅದನ್ನೂ ಹೇಳಿ ಪ್ಲೀಸ್.