ಗಾಂಜಾ ಹೂವಿಗೆ ಬಲೆ ಕಟ್ಟಿದೆ, ಕಟಾವಿಗೆ ಮೂರೇ ವಾರ. ಏನು ಮಾಡಲಿ?

ಪುಂಡಿಪಲ್ಯ_ಕಿಚನರ್ (ನವೆಂಬರ್ 12)

ಎಲ್ಲರಿಗೂ ನಮಸ್ಕಾರ. ಊರು ಬಾಗಲಕೋಟೆ ಕಡೆ, ಇರೋದು ಕೆನಡಾದ ಒಂಟಾರಿಯೊದಲ್ಲಿ. 2018ರ ಅಕ್ಟೋಬರ್ 17ರಿಂದ ಇಲ್ಲಿ ಒಂದು ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಸಿಕೊಳ್ಳೋಕೆ ಕಾನೂನು ಬಿಟ್ಟಿದೆ. ನಾನು ಹಾಕಿದ್ದು ಎರಡು. ಬೇಸ್‌ಮೆಂಟ್‌ನಲ್ಲಿ ಟೆಂಟ್, ಎಲ್‌ಇಡಿ ದೀಪ. ಹೂವು ಬಿಡಲಿ ಅಂತ ಅಕ್ಟೋಬರ್ 1ಕ್ಕೆ ಬೆಳಕನ್ನ ದಿನಕ್ಕೆ 12 ಗಂಟೆಗೆ ಇಳಿಸಿದೆ, ಅಂದ್ರೆ ಹೂವಿನ ಹಂತದ ಆರನೇ ವಾರ ಮುಗೀತು.

ಎರಡು ವಾರದ ಹಿಂದೆ ಎಲೆ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಹಳದಿ ಚುಕ್ಕೆ ಕಂಡವು. ಕ್ಯಾಲ್ಸಿಯಂ ಕಮ್ಮಿ ಇರಬೇಕು ಅಂತ ಕ್ಯಾಲ್‌ಮ್ಯಾಗ್ ಗೊಬ್ಬರ ಕೊಟ್ಟೆ. ಚುಕ್ಕೆ ಇನ್ನೂ ಜಾಸ್ತಿ ಆದವು. ಕಳೆದ ವಾರ ಬೇವಿನ ಎಣ್ಣೆಗೆ ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ ದೊಡ್ಡ ಗಿಡಕ್ಕೆ ಹೊಡೆದೆ. ದೀಪ ಆರಿಸಬೇಕು ಅಂತ ಗೊತ್ತಿರಲಿಲ್ಲ, ಎಲೆ ಅಂಚು ಸುಟ್ಟು ಮುದುಡಿತು. ನಿನ್ನೆ ಬೆಳಿಗ್ಗೆ ನೋಡಿದ್ರೆ ಅದೇ ಗಿಡದ ತುದಿ ಹೂವಿಗೆಲ್ಲ ರೇಷ್ಮೆ ಎಳೆ ಸುತ್ತಿದ ಹಾಗೆ ಬಲೆ. ಬಲೆ ಮೇಲೆ ರಾಗಿ ಹಿಟ್ಟು ಚೆಲ್ಲಿದಂಗೆ ಏನೋ ಇದೆ, ಕಣ್ಣಿಟ್ಟು ನೋಡಿದ್ರೆ ಓಡಾಡ್ತಿದೆ. ಸಣ್ಣ ಗಿಡಕ್ಕೆ ಇನ್ನೂ ಏನೂ ಹೊಡೆದಿಲ್ಲ, ಅದರಲ್ಲಿ ಕೆಳಗಿನ ಎಲೆಗಳಿಗೆ ಮಾತ್ರ ಚುಕ್ಕೆ.

ಟೆಂಟ್ ಒಳಗೆ 28 ಡಿಗ್ರಿ, ಆರ್ದ್ರತೆ 38%. ಊರಿನ ಕಾಕಾನ ಮಗ ಇಮಿಡಾ (ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ) ಹೊಡಿ, ಒಂದೇ ಸಲಕ್ಕೆ ಸಾಯ್ತಾವ ಅಂತಾನೆ (ಅವನಿಗೆ ಮೆಣಸಿನ ಗಿಡ ಅಂತ ಹೇಳೀನಿ). ಹೆಂಗಾದ್ರೂ ಉಳಿಸಿಕೊಡ್ರಿ.

ಪಾಲಿಹೌಸ್_ಭಾವ, ದೊಡ್ಡಬಳ್ಳಾಪುರ

ಇದು ಹುಳ ಅಲ್ಲ ಸಾರ್, ನುಸಿ. ಎರಡು ಚುಕ್ಕೆಯ ಜೇಡ ನುಸಿ, ನಾವು ಬರೀ ಮೈಟ್ಸ್ ಅಂತೀವಿ. ಗುಲಾಬಿ ಪಾಲಿಹೌಸ್‌ನಲ್ಲಿ ಹನ್ನೊಂದು ವರ್ಷ ಇದರ ಜೊತೆ ಸಂಸಾರ ಮಾಡಿದೀನಿ. ನಿಮ್ಮ ಗಿಡ ನಾನು ಬೆಳೆಸಿಲ್ಲ, ಬೆಳೆಸೋದೂ ಇಲ್ಲ. ಆದ್ರೆ ನುಸಿಗೆ ಗುಲಾಬಿ ಏನು, ಬದನೆ ಏನು, ಎಲೆಯ ರಸ ಸಿಕ್ಕರೆ ಸಾಕು.

ಖಾತ್ರಿ ಬೇಕಾದ್ರೆ ಸಣ್ಣ ಗಿಡದ ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ಎರಡು ಸಲ ತಟ್ಟಿ. ಬಿದ್ದ ಚುಕ್ಕೆ ನಡೆದಾಡಿದ್ರೆ ನುಸಿ, ಸುಮ್ಮನಿದ್ರೆ ಧೂಳು. ಥ್ರಿಪ್ಸ್ ಅನ್ನೋ ಸಣ್ಣ ಕೀಟ ಆಗಿದ್ರೆ ಎಲೆ ಮೇಲೆ ಬೆಳ್ಳಿ ಬಣ್ಣದ ಗೀರು, ಅದರ ಮೇಲೆ ಕಪ್ಪು ಹಿಕ್ಕೆ ಇರುತ್ತೆ. ನಿಮ್ಮದು ಚುಕ್ಕೆ, ಮೇಲಾಗಿ ಬಲೆ. ನನಗೆ ಅನುಮಾನ ಇಲ್ಲ.

ಇಮಿಡಾ ಬೇಡವೇ ಬೇಡ. ಅದು ಆರು ಕಾಲಿನ ಕೀಟಕ್ಕೆ ಮಾಡಿದ ಔಷಧಿ, ಇದು ಎಂಟು ಕಾಲಿಂದು, ಜೇಡನ ಕಡೆಯ ನೆಂಟ. ಇಮಿಡಾ ಹೊಡೆದ ಮೇಲೆ ನುಸಿ ಇನ್ನೂ ಜಾಸ್ತಿ ಮೊಟ್ಟೆ ಇಟ್ಟಿದ್ದನ್ನ ಕಣ್ಣಾರೆ ಕಂಡಿದೀನಿ.

ಈಗ ಲೆಕ್ಕ ನೋಡಿ. 28-30 ಡಿಗ್ರಿಯಲ್ಲಿ ಮೊಟ್ಟೆ ಒಡೆದು, ಬೆಳೆದು, ಮತ್ತೆ ಮೊಟ್ಟೆ ಇಡೋ ಹೆಣ್ಣಾಗೋಕೆ ಒಂದು ವಾರ ಚಿಲ್ಲರೆ. 20 ಡಿಗ್ರಿಗೆ ಇಳಿಸಿದ್ರೆ ಎರಡು ವಾರ ದಾಟುತ್ತೆ. ಒಂದು ಹೆಣ್ಣು ತನ್ನ ಆಯಸ್ಸಲ್ಲಿ ನೂರರ ಆಸುಪಾಸು ಮೊಟ್ಟೆ ಇಡುತ್ತೆ. ಒಣ ಹವೆ ಅಂದ್ರೆ ಅದಕ್ಕೆ ಹಬ್ಬ. ನೀವು 28 ಡಿಗ್ರಿ, 38% ಇಟ್ಟು ಅದಕ್ಕೊಂದು ಹೆರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟಿದೀರ.

ಗುಲಾಬಿಗೆ ನಾವು ಅಬಾಮೆಕ್ಟಿನ್ ಅನ್ನೋ ನುಸಿನಾಶಕ ಹೊಡೀತೀವಿ. ಗುಲಾಬಿಯನ್ನ ಜನ ಮೂಸ್ತಾರೆ, ಸುಟ್ಟು ಹೊಗೆ ಎಳೆಯಲ್ಲ. ಅದಕ್ಕೇ ಅದರ ಅಳತೆ ನಿಮಗೆ ಹೇಳಲ್ಲ.

ಒಂದು ಪ್ರಶ್ನೆ: ಮನೆಯೊಳಗೆ ಬೇರೆ ಯಾವ ಗಿಡ ಇದೆ? ನುಸಿ ಎಲ್ಲಿಂದಲೋ ಹತ್ತಿಕೊಂಡೇ ಬಂದಿರಬೇಕು.

ಚಿನೂಕ್_ಗೌಡ, ಕ್ಯಾಲ್ಗರಿ

ಪುಂಡಿ ಅವರೇ, ಭಾವ ಹೇಳಿದ್ದು ಸರಿ. ನನ್ನ ಟೆಂಟ್‌ಗೂ ಎರಡು ಸಲ ಬಂದು ಹೋಗಿದೆ. ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ: ದೊಡ್ಡ ಗಿಡ ಉಳಿಯಲ್ಲ.

ಬಲೆ ಹೂವಿನ ತುದಿಗೆ ಬಂತು ಅಂದ್ರೆ ಕೆಳಗೆ ತಿನ್ನೋಕೆ ಜಾಗ ಸಾಲದೆ ಅವು ಊರು ಬಿಡೋಕೆ ಹೊರಟಿವೆ ಅಂತ. ಆ ತುದಿಯಿಂದ ಎಳೆ ಹಿಡಿದು ಗಾಳಿಗೆ ತೇಲಿ ಪಕ್ಕದ ಗಿಡಕ್ಕೆ ಹೋಗ್ತವೆ. ನಿಮ್ಮ ಟೆಂಟ್ ಫ್ಯಾನು ಅದಕ್ಕೆ ಫ್ರೀ ಬಸ್ಸು. ಈ ಹಂತದಲ್ಲಿ ಹೂವಿಗೆ ಏನೇ ಸಿಂಪಡಿಸಿದ್ರೂ ತೊಂದರೆ. ಹೂವು ಅಂಟು, ನುಸಿ ಸತ್ತರೂ ಹೆಣ, ಮೊಟ್ಟೆ, ಹಿಕ್ಕೆ ಎಲ್ಲ ಅಲ್ಲೇ ಕೂತಿರುತ್ತೆ. ನೀರು ಒಳಗೆ ನಿಂತರೆ ಎರಡೇ ದಿನದಲ್ಲಿ ಬೂಷ್ಟು ಹಿಡಿದು ಹೂವು ಕೊಳೆಯುತ್ತೆ. ಇನ್ನು ಹೊಡೆದ ಔಷಧಿ ಕೊನೆಗೆ ಹೋಗೋದು ನಿಮ್ಮ ಶ್ವಾಸಕೋಶಕ್ಕೆ. ಮೈಕ್ಲೋಬ್ಯೂಟಾನಿಲ್ ಹೆಸರು ಊರಲ್ಲಿ ದ್ರಾಕ್ಷಿ ಬೆಳೆದವರಿಗೆ ಗೊತ್ತಿರುತ್ತೆ, ಬೂದಿ ರೋಗಕ್ಕೆ ಹೊಡೀತಾರೆ. ಅದನ್ನ ಸುಟ್ಟರೆ ಹೈಡ್ರೋಜನ್ ಸೈನೈಡ್ ಹುಟ್ಟುತ್ತೆ. ಅದು ಸಿಕ್ಕಿತು ಅಂತಲೇ ಕೆನಡಾದಲ್ಲಿ ಲೈಸೆನ್ಸ್ ಇದ್ದ ಬೆಳೆಗಾರರ ಮಾಲನ್ನೇ ವಾಪಸ್ ತರಿಸಿದ್ರು. ತಿನ್ನೋಕೆ ಆಗುವ ಅಳತೆ ಸೇದೋಕೂ ಆಗುತ್ತೆ ಅಂತ ನಂಬಬೇಡಿ. ಬೇವಿಗೂ ಇದೇ ಮಾತು. ಹೊಡೆದು ಒಂದು ವಾರ ಆಗಿರೋ ಹೂವನ್ನ ನಾನಂತೂ ಮುಟ್ಟಲ್ಲ.

ದೊಡ್ಡ ಗಿಡವನ್ನ ಟೆಂಟ್ ಒಳಗೇ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಚೀಲದ ಬಾಯಿ ಕಟ್ಟಿ, ಆಮೇಲೆ ಬುಡಕ್ಕೆ ಕತ್ತರಿಸಿ. ಮೊದಲು ಫ್ಯಾನ್ ಆರಿಸಿ. ಆ ಬಟ್ಟೆಯಲ್ಲೇ ಸಣ್ಣ ಗಿಡದ ಹತ್ತಿರ ಹೋಗಬೇಡಿ, ಸ್ನಾನ ಮಾಡಿ ಬನ್ನಿ. ಸಣ್ಣದನ್ನ ಉಳಿಸಬಹುದು ಅನ್ಸುತ್ತೆ. ಚುಕ್ಕೆ ಇರೋ ಕೆಳಗಿನ ಎಲೆ ಎಲ್ಲ ತೆಗೆದುಹಾಕಿ, ಟೆಂಟ್‌ನ 20-21 ಡಿಗ್ರಿಗೆ ಇಳಿಸಿ. ನಿಮ್ಮ ಮೂರು ವಾರದಲ್ಲಿ ಮೂರು ಪೀಳಿಗೆ ಆಗೋದು ಒಂದೂವರೆಗೆ ನಿಲ್ಲುತ್ತೆ. ಅಷ್ಟರಲ್ಲಿ ಕಟಾವು.

ಮಲ್ಲಿಗೆ_ಮೈಸೂರು

ನಮ್ಮಜ್ಜಿ ಅವರೆ ಗಿಡಕ್ಕೆ ಏನೇ ಬಂದ್ರೂ ಒಲೆ ಬೂದಿ ಎರಚೋರು. ಹುಳಿ ಮಜ್ಜಿಗೆ, ಬೆಳ್ಳುಳ್ಳಿ-ಮೆಣಸಿನಕಾಯಿ ಕಷಾಯ ಕೂಡ ಮಾಡೋರು. ಇದಕ್ಕೆ ಆಗಲ್ವಾ?

ಪಾಲಿಹೌಸ್_ಭಾವ, ದೊಡ್ಡಬಳ್ಳಾಪುರ

ಅಕ್ಕಾ, ಅಜ್ಜಿ ಬೂದಿ ಎರಚಿದ್ದು ಹೇನಿಗೆ, ಅದೂ ಬಯಲಲ್ಲಿ. ಅಲ್ಲಿ ಮಳೆ ಇತ್ತು, ಗುಲಗಂಜಿ ಹುಳ ಇತ್ತು, ಅರ್ಧ ಕೆಲಸ ಅವೇ ಮಾಡ್ತಿದ್ವು. ಮುಚ್ಚಿದ ಟೆಂಟಲ್ಲಿ ಅವು ಯಾವುದೂ ಇಲ್ಲ. ಮೇಲಾಗಿ ಧೂಳು ಕೂತ ಎಲೆ ಕಂಡ್ರೆ ನುಸಿಗೆ ಇನ್ನೂ ಖುಷಿ, ರಸ್ತೆ ಬದಿಯ ಗಿಡಗಳನ್ನ ನೋಡಿ. ಮಜ್ಜಿಗೆ ಕುಡಿಯೋಕೆ ಚೆನ್ನ.

ಟೆರೇಸ್_ಟೆನೆಂಟ್, ಬೆಂಗಳೂರು

ಗುರು, ನಮ್ಮ ಟೆರೇಸ್‌ನಲ್ಲಿ ದಾಸವಾಳದ ಪಕ್ಕ ಒಂದೇ ಒಂದು ಬೀಜ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ? ಮತ್ತೆ ಆ ದಾಸವಾಳಕ್ಕೆ ಬಿಳಿ ಹತ್ತಿ ಥರ ಅಂಟಿದೆ, ಅದೂ ನುಸಿನಾ?

ನಿರ್ವಾಹಕರು

ಮೊದಲನೆಯದಕ್ಕೆ: ಬೇಡ. ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಕೆನಡಾದಲ್ಲೂ ಎಲ್ಲ ಪ್ರಾಂತ್ಯ ಒಂದೇ ಅಲ್ಲ, ಕ್ವಿಬೆಕ್‌ನಲ್ಲಿ ಮನೆಯಲ್ಲಿ ಬೆಳೆಸುವಂತಿಲ್ಲ. ಎರಡನೆಯದು ಹಿಟ್ಟು ತಿಗಣೆ, ಅದಕ್ಕೆ ಬೇರೆ ಚರ್ಚೆ ತೆರೆಯಿರಿ.

ಪುಂಡಿಪಲ್ಯ_ಕಿಚನರ್ (ನವೆಂಬರ್ 13)

ಹಾಳೆ ಹಿಡಿದು ತಟ್ಟಿದೆ. ಸಣ್ಣ ಗಿಡದ ನಾಲ್ಕು ಎಲೆಗೆ ಒಂಬತ್ತು ಬಿದ್ದವು, ಒಂಬತ್ತೂ ನಡೆದವು.

ಭಾವನವರ ಪ್ರಶ್ನೆಗೆ ಉತ್ತರ ಹೇಳೋಕೆ ನಾಚಿಕೆ. ಟೆಂಟ್ ಪಕ್ಕದಲ್ಲೇ ಕರಿಬೇವಿದೆ. ಆರು ವರ್ಷದ ಗಿಡ, ನನ್ನ ಎದೆಮಟ್ಟ ಬೆಳೆದಿದೆ. ಬೇಸಿಗೆಯೆಲ್ಲ ಹೊರಗಿತ್ತು, ಇಬ್ಬನಿ ಹೆಪ್ಪುಗಟ್ಟೋ ಮುಂಚೆ ಅಕ್ಟೋಬರ್ ಮೊದಲ ವಾರ ಒಳಗೆ ತಂದೆವು. ಟೆಂಟ್‌ನಿಂದ ಸೋರೋ ಬೆಳಕಾದ್ರೂ ಸಿಗಲಿ ಅಂತ ಅಲ್ಲಿಟ್ಟೆ. ಗಾಳಿ ಒಳಗೆ ಎಳೆಯೋ ಜಾಲರಿ ಅದರ ಎಲೆಗೆ ತಾಗ್ತಿದೆ! ಎಲೆ ಹಳದಿ ಆಗಿ ಉದುರ್ತಿತ್ತು, ಚಳಿಗಾಲಕ್ಕೆ ಹಾಗೇ ಅಂದ್ಕೊಂಡಿದ್ದೆ. ಈಗ ಭೂತಗನ್ನಡಿ ಹಿಡಿದು ನೋಡಿದೆ, ಎಲೆ ಹಿಂದೆ ಜಾತ್ರೆ ನೆರೆದಿದೆ.

ಹೆಂಡತಿಗೆ ವಿಷಯ ತಿಳಿಸಿದೆ. "ನಿನ್ನ ಗಿಡ ಹೋದ್ರ ಹೋಗ್ಲಿ, ಕರಿಬೇವಿಗೆ ಏನಾರ ಆದ್ರ ಒಗ್ಗರಣಿ ನೀನ ಹಾಕ್ಕೊ" ಅಂದಳು. ಅವ್ವಗೆ ವಿಡಿಯೊ ಕಾಲ್‌ನಲ್ಲಿ ಪುಂಡಿ ಗಿಡ ಅಂತ ತೋರಿಸಿದ್ದೆ, ಎಲೆ ಹಂಗೇ ಇರ್ತಾವಲ್ಲ. "ಪುಂಡಿ ಗಿಡಕ್ಕ ಯಾರರ ಇಷ್ಟು ದೀಪಾ ಹಚ್ಚತಾರೇನೋ" ಅಂತ ಕೇಳಿ ಸುಮ್ಮನಾದಳು. ಗೊತ್ತಾಗಿದೆ ಅನ್ಸುತ್ತೆ.

ಇನ್ನೊಂದು: ಟೆಂಟ್‌ನ ಜಿಪ್ ಹತ್ತಿರ ಕಿತ್ತಳೆ ಬಣ್ಣದವು ಕೆಲವು ಕೂತಿವೆ. ಇವು ನುಸಿ ತಿನ್ನೋ ಒಳ್ಳೇ ನುಸಿನಾ?

ಪಾಲಿಹೌಸ್_ಭಾವ, ದೊಡ್ಡಬಳ್ಳಾಪುರ

ಅಲ್ಲ ಸಾರ್. ಪರ್ಸಿಮಿಲಿಸ್ ಅನ್ನೋ ಬೇಟೆ ನುಸಿ ಕಿತ್ತಳೆನೇ, ಆದ್ರೆ ಅದು ಒಂದು ಕಡೆ ನಿಲ್ಲಲ್ಲ, ಬೇಟೆನಾಯಿ ಥರ ಓಡ್ತಾನೇ ಇರುತ್ತೆ. ನೀವು ತರಿಸದೆ ಅದು ಬರೋದೂ ಇಲ್ಲ. ಜಿಪ್ ಸಂದಿಯಲ್ಲಿ ಸುಮ್ಮನೆ ಕೂತಿದ್ರೆ ಅದು ಈ ನುಸಿಯ ಹೆಣ್ಣೇ. ಹಗಲು ಗಿಡ್ಡವಾಗಿ ತಂಪಾದ್ರೆ ಅವು ಕಿತ್ತಳೆ ಬಣ್ಣಕ್ಕೆ ತಿರುಗಿ, ತಿನ್ನದೆ, ಮೊಟ್ಟೆ ಇಡದೆ, ಸಂದಿಯಲ್ಲಿ ತಿಂಗಳುಗಟ್ಟಲೆ ಮಲಗ್ತವೆ. ಟೆಂಟ್ ಖಾಲಿ ಮಾಡಿ ನಾಲ್ಕು ವಾರ ಬಿಟ್ಟೆ, ಎಲ್ಲ ಸತ್ತಿರುತ್ತೆ ಅಂತ ನಂಬಿ ಮತ್ತೆ ಬೀಜ ಹಾಕೋರು ಇದರಿಂದಲೇ ಕೆಡೋದು.

ಕರಿಬೇವಿಗೆ ಹೆದರಬೇಡಿ, ಅದು ಗಟ್ಟಿ ಜೀವ. ಒಂದೂವರೆ ಅಡಿಗೆ ಕತ್ತರಿಸಿ, ಉಳಿದ ಎಲೆಯನ್ನೂ ತೆಗೆದುಬಿಡಿ. ಕಾಂಡವನ್ನ ಬಚ್ಚಲಲ್ಲಿ ಶವರ್ ರಭಸಕ್ಕೆ ಹಿಡಿದು ತೊಳೀರಿ, ಕುಂಡದ ಮಣ್ಣಿಗೆ ಕವರ್ ಸುತ್ತಿ. ಕೊಯ್ದ ಎಲೆ ಅಡುಗೆಗೆ ಬೇಡ ಅನ್ನಲ್ಲ, ಚೆನ್ನಾಗಿ ತೊಳೆದು ಚಟ್ನಿಪುಡಿ ಮಾಡಿಸಿ.

ಚಿನೂಕ್_ಗೌಡ, ಕ್ಯಾಲ್ಗರಿ

ತೊಳೆದ ಮೇಲೆ ಕರಿಬೇವಿಗೆ ಕೀಟನಾಶಕ ಸೋಪು ಹೊಡೀರಿ, ತಿನ್ನೋ ಗಿಡಕ್ಕೆ ಆಗುತ್ತೆ ಅಂತ ಲೇಬಲ್ ಮೇಲೆ ಬರೆದಿರೋದು. ಪಾತ್ರೆ ಸೋಪು ಅಲ್ಲ. ಸೋಪು ತಾಗಿದ ನುಸಿ ಮಾತ್ರ ಸಾಯುತ್ತೆ, ಮೊಟ್ಟೆಗೆ ಏನೂ ಆಗಲ್ಲ. ಅದಕ್ಕೇ ನಾಲ್ಕೈದು ದಿನಕ್ಕೊಮ್ಮೆ ಮೂರು ಸಲ. ಒಂದು ಸಲ ಹೊಡೆದು ಕೆಲಸ ಆಯ್ತು ಅಂದ್ಕೊಳ್ಳೋದೇ ಎಲ್ಲರ ತಪ್ಪು, ನಾನೂ ಮಾಡಿದೀನಿ.

ಸಣ್ಣ ಗಿಡಕ್ಕೆ ಬೇಟೆ ನುಸಿ ತರಿಸಿ. ಪರ್ಸಿಮಿಲಿಸ್‌ಗೆ 60% ಮೇಲೆ ಆರ್ದ್ರತೆ ಬೇಕು, ನೀವು ಅಷ್ಟು ಏರಿಸಿದ್ರೆ ಹೂವು ಕೊಳೆಯುತ್ತೆ. ಕ್ಯಾಲಿಫೋರ್ನಿಕಸ್ ಅನ್ನೋ ಇನ್ನೊಂದು ಬೇಟೆ ನುಸಿ ಒಣ ಹವೆ ತಡೆಯುತ್ತೆ, ಅದನ್ನೇ ತಗೊಳ್ಳಿ. ಸ್ಯಾಶೆಯಲ್ಲಿ ಬರುತ್ತೆ, ಕೊಂಬೆಗೆ ನೇತುಹಾಕಿ ಮರೆತುಬಿಡಿ. ಸೋಪು ಹೊಡೆದ ಗಿಡಕ್ಕೆ ಮಾತ್ರ ಅದೇ ದಿನ ಬಿಡಬೇಡಿ.

ಪುಂಡಿಪಲ್ಯ_ಕಿಚನರ್ (ಡಿಸೆಂಬರ್ 21)

ಎಲ್ಲರೂ ಕೇಳ್ತಿದ್ರಿ, ತಡವಾಯ್ತು. ದೊಡ್ಡ ಗಿಡ ಅವತ್ತೇ ಚೀಲ ಸೇರಿತು. ಚೀಲ ಕಟ್ಟುವಾಗ ಆ ಹೂವಿನ ವಾಸನೆ ಮೂಗಿಗೆ ಹೊಡೆದು ಹೊಟ್ಟೆ ಉರಿದಿದ್ದು ನಿಜ. ನಾಲ್ಕು ತಿಂಗಳ ಕರೆಂಟ್ ಬಿಲ್ಲು ಅದರ ಜೊತೆಗೇ ಹೋಯಿತು.

ಸಣ್ಣದನ್ನ 20 ಡಿಗ್ರಿಯಲ್ಲಿಟ್ಟು, ಸ್ಯಾಶೆ ಕಟ್ಟಿ, ಡಿಸೆಂಬರ್ 2ಕ್ಕೆ ಕೊಯ್ದೆ. 60 ಪಟ್ಟು ಭೂತಗನ್ನಡಿಯಲ್ಲಿ ಹೂವು ಒಂದೊಂದಾಗಿ ನೋಡಿದೆ, ಕೆಳಗಿನ ಮೂರು ಹೂವಲ್ಲಿ ಎಳೆ ಕಂಡಿತು, ಬಿಸಾಕಿದೆ. ಉಳಿದದ್ದು ಒಣಗಿಸಿ ಎರಡು ಜಾಡಿ ತುಂಬಿದೆ.

ಟೆಂಟ್ ಬಿಚ್ಚಿ ಪ್ರತಿ ಹೊಲಿಗೆಗೂ ವ್ಯಾಕ್ಯೂಮ್ ಹಿಡಿದೆ, ಬಿಸಿ ಸೋಪು ನೀರಲ್ಲಿ ಒರೆಸಿದೆ, ಬಟ್ಟೆ ಕುಂಡಗಳನ್ನ ಎಸೆದೆ. ಜಿಪ್ ಸಂದಿಗೆ ಹಳೇ ಟೂತ್‌ಬ್ರಷ್ ಹಾಕಿದಾಗ ಕಿತ್ತಳೆ ಬಣ್ಣ ಬ್ರಷ್‌ಗೇ ಹತ್ತಿತು, ಅಷ್ಟಿದ್ದವು.

ಕರಿಬೇವು ಈಗ ಮೇಲಿನ ಮಹಡಿಯ ಕಿಟಕಿಯಲ್ಲಿ, ಬೇಸ್‌ಮೆಂಟ್‌ಗೆ ಅದಕ್ಕೆ ಪ್ರವೇಶ ಇಲ್ಲ. ಸೋಪು ಮೂರು ಸಲ ಆಯಿತು. ಐದು ಕಡೆ ಚಿಗುರು ಒಡೆದಿದೆ. ಪ್ರತಿ ಭಾನುವಾರ ಹಾಳೆ ಹಿಡಿದು ತಟ್ತೀನಿ: ಮೊದಲ ವಾರ ನಾಲ್ಕು, ಆಮೇಲೆ ಒಂದು, ಕಳೆದ ಎರಡು ವಾರ ಸೊನ್ನೆ. ಇನ್ನೂ ನಾಲ್ಕು ಭಾನುವಾರ ಸೊನ್ನೆ ಬಂದ್ರೆ ಹೊಸ ಬೀಜ ನೆನೆಹಾಕ್ತೀನಿ.