ತುರ್ತಾಗಿ ಪದ ಬೇಕು: ಕ್ರಾಸ್ ಕಸಿನ್, ಪ್ಯಾರಲಲ್ ಕಸಿನ್

ಅನುವಾದಕಿ, ಮೈಸೂರು:
ಎಲ್ಲರಿಗೂ ನಮಸ್ಕಾರ. ಕಾಲೇಜೊಂದರ ಮಾನವಶಾಸ್ತ್ರ ವಿಭಾಗದವರು ಹೊಸದಾಗಿ ಸೇರುವ ಮಕ್ಕಳಿಗಾಗಿ ಗೋಡೆ ಫಲಕ ಮಾಡಿಸುತ್ತಿದ್ದಾರೆ. ಬೇರೆ ಬೇರೆ ಜನ ತಮ್ಮ ನೆಂಟರನ್ನು ಹೇಗೆ ವಿಂಗಡಿಸಿಕೊಳ್ಳುತ್ತಾರೆ ಅನ್ನುವುದು ವಿಷಯ. ಸೋಮವಾರ ಬೆಳಿಗ್ಗೆ ಫೈಲು ಪ್ರೆಸ್ಸಿಗೆ ಹೋಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ: ಕ್ರಾಸ್ ಕಸಿನ್ (ಅಪ್ಪನ ಅಕ್ಕತಂಗಿಯರ, ಅಮ್ಮನ ಅಣ್ಣತಮ್ಮಂದಿರ ಮಕ್ಕಳು), ಪ್ಯಾರಲಲ್ ಕಸಿನ್ (ಅಪ್ಪನ ಅಣ್ಣತಮ್ಮಂದಿರ, ಅಮ್ಮನ ಅಕ್ಕತಂಗಿಯರ ಮಕ್ಕಳು), ಜೋಕಿಂಗ್ ರಿಲೇಶನ್‌ಶಿಪ್. ಪೇಪರಿನವರ ‘ಸೋದರ ಸಂಬಂಧಿ’ ಬೇಡ, ಅದರಲ್ಲಿ ಮೊದಲೆರಡೂ ಕಲಸಿಹೋಗುತ್ತವೆ. ಒಂದು ಚೌಕದಲ್ಲಿ ಎರಡು ಪದಕ್ಕಷ್ಟೇ ಜಾಗ.

ಶಿವಮೊಗ್ಗದಿಂದ:
ಇದಕ್ಕೂ ಪದ ಹುಡುಕಬೇಕಾ? ಅತ್ತೆ-ಮಾವನ ಮಕ್ಕಳು ಮೊದಲನೆಯದು. ಇನ್ನೊಂದು ಅಣ್ಣ, ತಮ್ಮ, ಅಕ್ಕ, ತಂಗಿ. ಮುಗೀತು. ಪದ ಇಲ್ಲದೆ ಒದ್ದಾಡಿದ್ದು ಇಂಗ್ಲಿಷಿನವರು. ಅದಕ್ಕೇ ಮಾನವಶಾಸ್ತ್ರಿ ಟೈಲರ್ 1889ರಲ್ಲಿ ‘ಕ್ರಾಸ್ ಕಸಿನ್’ ಅಂತ ಹೆಸರಿಟ್ಟು ಬರೆದ. ಅವನಿಗಿಂತ ಮುಂಚೆ ಮಾರ್ಗನ್ ಇದ್ದನಲ್ಲ, ನ್ಯೂಯಾರ್ಕ್ ಸೀಮೆಯ ವಕೀಲ. ಅಲ್ಲಿನ ಮೂಲನಿವಾಸಿ ಸೆನೆಕಾ ಜನ ಅಪ್ಪನ ತಮ್ಮನನ್ನೂ ಅಪ್ಪ ಅನ್ನುತ್ತಾರೆ, ತಮಿಳು, ತೆಲುಗು, ಕನ್ನಡದಲ್ಲೂ ಹೀಗೇ ಇದೆ ಅಂತ ಬೆರಗಾದ. ಹಾಗಾದರೆ ಅವರು ಏಷ್ಯಾದಿಂದ ಹೋದವರೇ ಅಂತ 1871ರಲ್ಲಿ ಪುಸ್ತಕವನ್ನೇ ಹಾಕಿದ. ಚಿಕ್ಕಪ್ಪನನ್ನು ನಂಬಿ ಅಷ್ಟು ದೂರ ಹೋದವರು ಬೇರೆ ಇಲ್ಲ.

ಅನುವಾದಕಿ:
ಸರ್, ತೊಡಕು ಇರುವುದೇ ಅಲ್ಲಿ. ಫಲಕದಲ್ಲಿ ಅರಬರ ಉದಾಹರಣೆ ಇದೆ. ಅವರಲ್ಲಿ ಅಪ್ಪನ ಒಡಹುಟ್ಟಿದವನ ಮಗಳನ್ನು ತಂದುಕೊಳ್ಳುವುದು ಒಳ್ಳೆಯ ಸಂಬಂಧ. ನಿಮ್ಮ ಪದ ಹಾಕಿದರೆ ‘ತಂಗಿಯನ್ನು ಮದುವೆಯಾಗುತ್ತಾರೆ’ ಅಂತ ಓದಿಸಿಕೊಳ್ಳುತ್ತೆ. ಮಕ್ಕಳು ಮೂಗು ಮುರಿಯುತ್ತಾರೆ. ಮೂಗು ಮುರೀಬಾರದು ಅಂತಲೇ ಈ ಪಾಠ ಇರೋದು. ಇನ್ನು ‘ಅತ್ತೆ-ಮಾವನ ಮಕ್ಕಳು’. ನಿನ್ನೆ ರಾತ್ರಿ ಮಗಳಿಗೆ ತೋರಿಸಿದೆ. “ಯಾರಮ್ಮಾ, ನಾದಿನೀನಾ?” ಅಂದಳು.

ಗದಗಿನಿಂದ, ನಿವೃತ್ತ ಮೇಷ್ಟ್ರು:
ಮೈದುನ. ಬೇರೆ ಪದ ಬೇಕಿಲ್ಲ. ಕುಮಾರವ್ಯಾಸನನ್ನು ತೆಗೆದು ನೋಡಿ. ಸಂಧಿ ಮುರಿದ ಮೇಲೆ ಕೃಷ್ಣ ಕರ್ಣನ ಜೊತೆ ‘ಮೈದುನತನದ ಸರಸ’ ಮಾಡಿ, ಬರಸೆಳೆದು ರಥದಲ್ಲಿ ಕೂರಿಸಿಕೊಳ್ಳುತ್ತಾನೆ. ಕುಂತಿ ವಸುದೇವನ ಒಡಹುಟ್ಟಿದವಳು, ಅಂದರೆ ಕೃಷ್ಣನಿಗೆ ಕರ್ಣ ಸೋದರತ್ತೆಯ ಮಗ. ಕರ್ಣನಿಗೆ ಅದಿನ್ನೂ ಗೊತ್ತಿಲ್ಲ. ಹುಟ್ಟಿನ ಗುಟ್ಟು ಬಾಯಿಗೆ ಬರುವ ಮುಂಚೆ ಸಲಿಗೆ ಬಂದುಬಿಡುತ್ತದೆ. ಇಡೀ ಗುಟ್ಟನ್ನು ಕವಿ ಒಂದು ನಂಟಿನ ಪದದಲ್ಲಿ ಇಟ್ಟಿದ್ದಾನೆ.

ಅನುವಾದಕಿ:
ಮೇಷ್ಟ್ರೇ, ನೀವು ನನ್ನ ಮೂರನೇ ಪದ ಕೊಟ್ಟುಬಿಟ್ಟಿರಿ! ರಾಡ್‌ಕ್ಲಿಫ್-ಬ್ರೌನ್ ಅನ್ನುವ ಮಾನವಶಾಸ್ತ್ರಿ 1940ರಲ್ಲಿ ಬರೆದದ್ದೂ ಇದನ್ನೇ. ನಂಟಿನ ಲೆಕ್ಕದಲ್ಲಿ ಒಬ್ಬ ಚುಡಾಯಿಸಬಹುದು, ಇನ್ನೊಬ್ಬ ಸಿಟ್ಟಾಗುವ ಹಾಗಿಲ್ಲ. ಆದರೆ ಕ್ರಾಸ್ ಕಸಿನ್‌ಗೆ ಬರೀ ‘ಮೈದುನ’ ಕಷ್ಟ. ಈಗ ನಮ್ಮ ಕಡೆ ಮೈದುನ ಅಂದರೆ ಗಂಡನ ತಮ್ಮ.

ಬೆಂಗಳೂರಿನಿಂದ:
ಮಯ್ದುನ ಕನ್ನಡದ್ದೇ ಅಲ್ಲ. ಸಂಸ್ಕ್ರುತದ ಮಯ್ತುನ. ಮರಾಟಿಯ ಮೇಹುಣಾ ಕೂಡ ಅಲ್ಲಿಂದಲೇ. ನಮ್ಮ ಬೇರಿನಿಂದಲೇ ಕಟ್ಟಿ: ಅಡ್ಡನಂಟ, ನೇರನಂಟ. ಕಿರಿದು, ಚವ್ಕದಲ್ಲಿ ಹಿಡಿಯುತ್ತೆ.

ಗದಗಿನಿಂದ:
ತಮಿಳಿನಲ್ಲೂ ಮೈತ್ತುನನ್ ಇದೆ. ಯಾರು ಯಾರಿಂದ ತಂದರು ಅಂತ ನೀವು ಕಂಡವರ ಹಾಗೆ ಹೇಳಬೇಡಿ. ಆಮೇಲೆ ‘ಅಡ್ಡನಂಟ’ ಅಂದರೆ ನಮ್ಮೂರಲ್ಲಿ ಅಡ್ಡದಾರಿಯ ನಂಟ ಅಂತ ತಿಳೀತಾರೆ. ಅದನ್ನು ಗೋಡೆಗೆ ಹಾಕಿಸುತ್ತೀರಾ?

ನ್ಯೂಜೆರ್ಸಿಯಿಂದ:
‘ಕಸಿನ್’ ಅಂತಲೇ ಬರೆದರೆ ಏನು ಕಳ್ಕೊಳ್ತೀವಿ? ಬೆಂಗಳೂರಲ್ಲೂ ಎಲ್ಲರ ಬಾಯಲ್ಲಿ ಅದೇ ಇದೆ. ಬಸ್ಸು, ರೈಲು ತಗೊಂಡವರಿಗೆ ಇದೊಂದು ಭಾರವಾ?

ಧಾರವಾಡದಿಂದ:
ತಗೊಳ್ಳಿ, ಆದರೆ ಏನು ತಗೊಳ್ತಿದ್ದೀರಿ ಅಂತ ನೋಡಿ. ಕಸಿನ್‌ನ ಹಿಂದಿರುವುದು ಲ್ಯಾಟಿನ್ನಿನ ಕಾನ್ಸೊಬ್ರಿನಸ್. ಮೊದಲಿಗೆ ಅದು ಅಮ್ಮನ ಅಕ್ಕತಂಗಿಯರ ಮಕ್ಕಳು ಮಾತ್ರ. ಅಪ್ಪನ ಅಕ್ಕತಂಗಿಯರ ಮಕ್ಕಳಿಗೆ ಅಮಿಟಿನಸ್ ಅಂತ ಬೇರೆಯೇ ಇತ್ತು. ಅವರು ನಾಲ್ಕು ಕೋಣೆಯ ಮನೆ ಒಡೆದು ಒಂದು ಹಾಲ್ ಮಾಡಿಕೊಂಡರು. ನಾವು ಇರುವ ಗೋಡೆ ಕೆಡವಿ ಅವರ ಹಾಲನ್ನು ಬಾಡಿಗೆಗೆ ಹಿಡೀತಿದ್ದೀವಿ. ಬಸ್ಸಿನ ಮಾತು ಬೇರೆ, ಬಸ್ಸು ನಮ್ಮಲ್ಲಿ ಇರಲಿಲ್ಲ.

ಹಾಸನದಿಂದ:
ಜಗಳ ಸ್ವಲ್ಪ ನಿಲ್ಲಿಸ್ತೀರಾ? ಸೋಮವಾರ ಬಂತು. ಸೋದರಮಾವ, ಸೋದರತ್ತೆ, ಸೋದರಳಿಯ, ಸೋದರಸೊಸೆ. ‘ಸೋದರಚಿಕ್ಕಪ್ಪ’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅಣ್ಣ-ತಂಗಿಯನ್ನು ದಾಟಿ ಬಂದ ನಂಟಿಗಷ್ಟೇ ‘ಸೋದರ’ ಅಂಟಿಕೊಳ್ಳುತ್ತೆ. ನಮ್ಮಜ್ಜಿ ‘ಸೋದರಿಕೆ ಮದುವೆ’ ಅನ್ನುತ್ತಿದ್ದದ್ದೂ ಇದಕ್ಕೇ. ಹಾಗಾಗಿ ಮೊದಲನೆಯದು ‘ಸೋದರಿಕೆ ಮಕ್ಕಳು’. ಎರಡನೆಯದು ಸುಮ್ನೆ ‘ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು’. ಚಿಕ್ಕಮ್ಮನ ಗಂಡನೂ ಚಿಕ್ಕಪ್ಪನೇ ತಾನೆ? ಅಮ್ಮನ ಕಡೆಯೂ ಅದರಲ್ಲೇ ಬಂತು. ಅರಬರ ಚೌಕದಲ್ಲಿ ‘ಚಿಕ್ಕಪ್ಪನ ಮಗಳು’ ಅಂದರೆ ತಂಗಿ ಅನ್ನುವ ಮಾತೇ ಬೇಡ.

ಶಿವಮೊಗ್ಗದಿಂದ:
ಪೇಪರಿನವರ ‘ಸೋದರ ಸಂಬಂಧಿ’ ಓದಿ ಬೆಳೆದ ಹುಡುಗರಿಗೆ ನಿಮ್ಮ ಸೋದರಿಕೆ ಎಲ್ಲಿ ತಿಳಿಯುತ್ತೆ?

ಹಾಸನದಿಂದ:
ಕೆಳಗೆ ಚಿತ್ರ ಇರುತ್ತಲ್ಲ. ತಿಳಿಯುತ್ತೆ.

ಅನುವಾದಕಿ, ಸೋಮವಾರ:
ಹತ್ತು ಗಂಟೆಗೆ ಫೈಲು ಕಳಿಸಿದೆ. ‘ಸೋದರಿಕೆ ಮಕ್ಕಳು’, ‘ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು’, ‘ಮೈದುನತನದ ಸರಸ’. ಹಾಸನದ ಅಕ್ಕನಿಗೂ ಮೇಷ್ಟ್ರಿಗೂ ತುಂಬಾ ಥ್ಯಾಂಕ್ಸ್. ಮಗಳು ಈ ಸಲ ಏನೂ ಕೇಳಲಿಲ್ಲ.

ಬೆಂಗಳೂರಿನಿಂದ:
ಸೋದರ ಸಂಸ್ಕ್ರುತ. ಸರಸ ಸಂಸ್ಕ್ರುತ. ಮಯ್ದುನದ ಕತೆ ಆಗಲೇ ಹೇಳಿದೆ. ಕೊನೆಗೆ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೇ ಉಳಿದರು.